ಬೀಳುವ ಸ್ವಿಚ್ಚು

೧೯೫೪ನೇ ಇಸವಿ ಅಕ್ಟೋಬರ್ ೧೨, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಚಂದ್ರಗಿರಿ ಹೊಳೆಯ ನಡುವೆ ಲಾಂಚಿನ ಎಂಜಿನ್ನು ಮತ್ತೆ ನಿಂತಿತು. ಲೋಕಯ್ಯ ಚುಕ್ಕಾಣಿ ಬಿಟ್ಟು ಬಗ್ಗಿ, ತಗಡಿನ ಪೆಟ್ಟಿಗೆಯೊಳಗೆ ಕೈಹಾಕಿದ. ಕಪ್ಪು ಹಿಡಿಯ ಸ್ವಿಚ್ಚು ಕೆಳಗೆ ಬಿದ್ದಿತ್ತು. ಮೇಲಕ್ಕೆತ್ತಿದ; ಟಕ್ಕೆಂದು ಮತ್ತೆ ಬಿತ್ತು. ಇಳಿತದ ನೀರು ಲಾಂಚನ್ನು ಅಳಿವೆಯ ಕಡೆಗೆ ಎಳೆಯತೊಡಗಿತ್ತು. ಅವನು ಲಂಗರು ಹಾಕಿದ.

"ಲೋಕಯ್ಯಣ್ಣ, ಇವತ್ತು ನಮ್ಮನ್ನು ಪೇಟೆಗೆ ಮುಟ್ಟಿಸುವುದಾ, ಸಮುದ್ರಕ್ಕಾ?" ಎಂದಳು ಬಸಳೆಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಕಿನ್ನಿ.

"ಸಮುದ್ರದಲ್ಲಿ ಬಸಳೆಗೆ ರೇಟು ಜಾಸ್ತಿಯಂತೆ," ಎಂದು ಯಾರೋ ಹೇಳಿದರು. ಎಲ್ಲರೂ ನಕ್ಕರು. ಲೋಕಯ್ಯನೂ ನಗಲು ನೋಡಿದ.

ಎರಡು ದೋಣಿಗಳು ಬಂದು ಲಾಂಚನ್ನು ತಳಂಗರೆಯ ದೋಣಿಕಡವಿಗೆ ಎಳೆದು ತಂದವು. ದಡದಲ್ಲಿ ಹರಿನಾಥ ಶೆಟ್ಟಿ ನಿಂತಿದ್ದ. ಲಾಂಚು ಅವನ ಅಕ್ಕ ಅಮ್ಮಣಿ ಶೆಡ್ತಿಯದು; ವ್ಯವಹಾರ ನೋಡಿಕೊಳ್ಳುವವನು ಅವನು. ಯುದ್ಧ ಮುಗಿದ ಮೇಲೆ ಕೊಚ್ಚಿಯಲ್ಲಿ ಮಿಲಿಟರಿಯವರು ಏಲಂ ಹಾಕಿದ ಬೋಟುಗಳಲ್ಲಿ ಇದೂ ಒಂದು. ಎಂಜಿನ್ನಿನ ಕಿಡಿ, ನೀರು ಹೊರಹಾಕುವ ಪಂಪು, ದೀಪ, ಹಾರ್ನು ಎಲ್ಲದಕ್ಕೂ ಬ್ಯಾಟರಿಯಿಂದ ಕರೆಂಟು ಹೋಗುತ್ತಿದ್ದುದು ಕಪ್ಪು ಹಿಡಿಯ ಆ ಒಂದು ಸ್ವಿಚ್ಚಿನ, ಅಂದರೆ ಕಟೌಟಿನ ಮೂಲಕ. ಅದು ಬಿದ್ದರೆ ಎಲ್ಲವೂ ನಿಲ್ಲುತ್ತಿತ್ತು. ಮಳೆಗಾಲ ಕಳೆದು ಲಾಂಚು ನೀರಿಗಿಳಿದ ಮೇಲೆ ಅದು ಹೀಗೆ ಬೀಳತೊಡಗಿತ್ತು.

"ಗುರುವಾರ ಮಂಗಳೂರಿನಿಂದ ಜಯಪಾಲ ಬರ್ತಾನೆ, ಲಾಂಚು ಬಿಡ್ಲಿಕ್ಕೆ," ಎಂದ ಹರಿನಾಥ. "ಎಂಜಿನ್ ಗೊತ್ತಿದ್ದವ. ನೀನು ಇನ್ನು ಕೊಪ್ಪರದ ಗೋಣಿ ಇಳಿಸುವಲ್ಲಿ ಇರು. ಬಿಟ್ಟು ಹಾಕಿದೆ ಅಂತ ಬೇಜಾರ ಮಾಡ್ಬೇಡ."

ಲೋಕಯ್ಯ ಲಾಂಚಿನ ಹಗ್ಗವನ್ನು ಕಂಬಕ್ಕೆ ಬಿಗಿದ. ಗೋಣಿ ಹೊರುವ ವಯಸ್ಸನ್ನು ಅವನು ದಾಟಿದ್ದ. ಶೆಟ್ಟರ ಮನೆಯ ಹಾಯಿಹಡಗು ಮಂಜಿಯಲ್ಲಿ ಚುಕ್ಕಾಣಿ ಹಿಡಿದು, ಮಂಜಿ ಮಾರಿದ ಮೇಲೆ ಮಂಗಳೂರಿನಲ್ಲಿ ಒಂದು ಮಳೆಗಾಲವಿಡೀ ಎಂಜಿನ್ ಕಲಿತು ಬಂದಿದ್ದ. ಹೊಳೆಯ ಮೇಲಲ್ಲದೆ ಬೇರೆ ಕಡೆ ಅವನ ಮಾತಿಗೆ ಬೆಲೆ ಇರಲಿಲ್ಲ.

ಹೇಳಿ ಕಳಿಸಿದ್ದಕ್ಕೆ ಒಂಬತ್ತು ಗಂಟೆಗೆ ಎಡನೀರಿನ ಸುಕುಮಾರ ಸೈಕಲಿನಲ್ಲಿ ಬಂದ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಕಾಸರಗೋಡಿನಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದವನು. ಪೆಟ್ಟಿಗೆ ಬಿಚ್ಚಿ ಕಟೌಟನ್ನು ಮೂಸಿ ನೋಡಿದ, ಹಿಡಿಯನ್ನು ಹಲವು ಸಲ ಏರಿಸಿ ಇಳಿಸಿದ.

"ಬೀಳದ ಹಾಗೆ ಒಂದು ಹಗ್ಗ ಕಟ್ಟಿದ್ರೆ ಆಗುದಿಲ್ವಾ?" ಎಂದ ಹರಿನಾಥ.

"ಆಗ್ತದೆ ಶೆಟ್ರೇ. ಸ್ವಿಚ್ಚು ಬೀಳುದಿಲ್ಲ, ಬೋಟು ಸುಡ್ತದೆ. ಇದು ಹಾಳಾಗಿ ಬೀಳುವುದಲ್ಲ. ಎಲ್ಲಿಯೋ ಕರೆಂಟು ಅಡ್ಡದಾರಿ ಹಿಡಿದಿದೆ, ಅದಕ್ಕೆ ಬೀಳ್ತಾ ಉಂಟು."

ಹರಿನಾಥ ಬೀಡಿ ಹಚ್ಚಿ ದಡದ ಗೋದಾಮಿನ ನೆರಳಿಗೆ ಹೋದ. ಸುಕುಮಾರ ಪಂಪಿನ ತಂತಿ ಕಳಚಿದ. ಹಿಡಿ ಎತ್ತಿದರೆ ಆಗಲೂ ಕಟೌಟು ಬಿತ್ತು. ದೀಪದ್ದು ಕಳಚಿದ, ಹಾರ್ನಿನದ್ದು ಕಳಚಿದ. ಆಮೇಲೆ ಎಂಜಿನ್ನಿನದ್ದೂ ಕಳಚಿದ. ಈಗ ತಂತಿಯ ತುದಿಯಲ್ಲಿ ಏನೂ ಉಳಿದಿರಲಿಲ್ಲ. ಹಿಡಿ ಸ್ವಲ್ಪ ಹೊತ್ತು ಮೇಲೆ ನಿಂತಿತು. ದಡಕ್ಕೆ ಒಂದು ದೋಣಿ ಬಂದು ಲಾಂಚು ಅಲುಗಿದಾಗ ಬಿತ್ತು.

"ಹಾಗಾದ್ರೆ ತಪ್ಪು ಸಾಮಾನಿನದ್ದಲ್ಲ, ದಾರಿಯದ್ದು," ಎಂದು ತನಗೇ ಹೇಳಿಕೊಂಡ. ಕಟೌಟಿನ ಜಾಗದಲ್ಲಿ ಒಂದು ಸಣ್ಣ ಬಲ್ಬು ಜೋಡಿಸಿದ. "ಲೋಕಯ್ಯ, ನೀವು ಮುಂದಿನಿಂದ ಹಿಂದಕ್ಕೆ ಹಲಗೆಯ ಮೇಲೆ ನಿಧಾನ ನಡೀರಿ. ತಂತಿಗೆ ತಂತಿ ತಾಗಿದಲ್ಲಿ ಇದು ಉರೀತದೆ."

ಲೋಕಯ್ಯ ಬರಿಗಾಲಲ್ಲಿ ನಡೆದ. ಪ್ರಯಾಣಿಕರ ಬೆಂಚು ದಾಟಿದ, ಪಂಪಿನ ಮುಚ್ಚಳ ದಾಟಿದ. ಎಂಜಿನ್ನಿಗೆ ಒಂದು ಮಾರು ದೂರದ ಹಲಗೆಯ ಮೇಲೆ ಕಾಲಿಟ್ಟಾಗ ಬಲ್ಬು ಹತ್ತಿತು. ಕಾಲು ತೆಗೆದ, ಆರಿತು. ಇಬ್ಬರೂ ಸೇರಿ ಆ ಹಲಗೆ ಎಬ್ಬಿಸಿದರು. ಮೀನೆಣ್ಣೆಯ ವಾಸನೆ ಮುಖಕ್ಕೆ ಬಡಿಯಿತು.

ತಂತಿಗಳು ಅಡಿಮರದ ಒಂದು ತೂತಿನ ಮೂಲಕ ಹಾದುಹೋಗಿದ್ದವು. ಅವುಗಳ ಮೇಲಿನ ನೂಲಿನ ಹೊದಿಕೆ ಎಣ್ಣೆಯಲ್ಲಿ ನೆಂದು ಕಪ್ಪಾಗಿತ್ತು. ಸುಕುಮಾರ ಬೆರಳಿನಿಂದ ಒತ್ತಿದ. ಒಳಗಿನ ರಬ್ಬರು ಹಲಸಿನ ಮೇಣದ ಹಾಗೆ ಬೆರಳಿಗೆ ಅಂಟಿ ಬಂತು, ತಾಮ್ರ ಹೊಳೆಯಿತು.

"ಇದಕ್ಕೆ ಎಣ್ಣೆ ಯಾರು ಕೊಟ್ಟದ್ದು?"

"ಎಣ್ಣೆ ಕೊಟ್ರೆ ಎಂತ ಆಗ್ತದೆ?"

"ರಬ್ಬರು ಉಬ್ಬಿ ಕೊಳೀತದೆ. ಮರಕ್ಕೆ ಆಗುವುದು ರಬ್ಬರಿಗೆ ಆಗುದಿಲ್ಲ."

ಲೋಕಯ್ಯ ಆ ತೂತನ್ನು ನೋಡುತ್ತ ಕುಳಿತ. ಆಗಸ್ಟಿನಲ್ಲಿ ಲಾಂಚನ್ನು ದಡಕ್ಕೆಳೆದು ಎಣ್ಣೆ ಕೊಡುವಾಗ ಅಮ್ಮಣಿ ಶೆಡ್ತಿ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಮಂಜಿಗಳ ಕಾಲದಿಂದಲೂ ಅದು ಅವರ ಕೆಲಸ. ಹಲಗೆ, ಹಗ್ಗ, ಕೀಲು, ರಾಟೆ, ಯಾವುದೂ ಒಣಗಿರಬಾರದು. ಯಾವ ಎಣ್ಣೆ, ಎಷ್ಟು ಕೈ, ಎಷ್ಟು ಬಿಸಿಲು ಎಂದು ಕೇಳಲು ದೋಣಿ ಇಟ್ಟಿದ್ದ ತಳಂಗರೆಯ ಬ್ಯಾರಿಗಳೂ ಅವರ ಜಗಲಿಗೆ ಬರುತ್ತಿದ್ದರು. ಹಲಗೆಯಡಿಯ ತಂತಿಗಳನ್ನು ಕೊಡೆಯ ತುದಿಯಿಂದ ತೋರಿಸಿ, "ಅದೆಂತ, ಆ ಕಪ್ಪು ಹಗ್ಗ ಬಿಟ್ಟದ್ದು? ಕೊಡು ಅದಕ್ಕೂ" ಎಂದಿದ್ದರು. ಲೋಕಯ್ಯ ನಾರಿನ ಬ್ರಷ್ಷು ಅದ್ದಿ ಎರಡು ಕೈ ಕೊಟ್ಟಿದ್ದ.

"ನೀವೇ ಕೊಟ್ಟದ್ದಾ, ಯಾರಾದ್ರೂ ಹೇಳಿ ಕೊಟ್ಟದ್ದಾ?" ಎಂದ ಸುಕುಮಾರ.

"ಬ್ರಷ್ಷು ನನ್ನ ಕೈಯಲ್ಲಿ ಇತ್ತು."

ಹಲಗೆ ಎಬ್ಬಿಸಿದ್ದನ್ನು ಕಂಡು ಹರಿನಾಥ ಬಂದ. ಅವನ ಹಿಂದೆಯೇ, ಲಾಂಚು ಕೆಟ್ಟ ಸುದ್ದಿ ಕೇಳಿ ಮನೆಯಿಂದ ನಡೆದು ಬಂದಿದ್ದ ಅಮ್ಮಣಿ ಶೆಡ್ತಿಯೂ ಬಂದರು. ಹೊಳೆ ದಾಟಲು ದೋಣಿ ಕಾಯುತ್ತಿದ್ದವರು ದಡದಲ್ಲಿ ಗುಂಪುಗೂಡಿದರು. ಸುಕುಮಾರ ವಿಷಯ ಹೇಳಿದ. ಯಾರು ಎಂದು ಹೇಳಲಿಲ್ಲ.

"ತಂತಿಗೆ ಎಣ್ಣೆ ಕೊಟ್ಟದ್ದು ಯಾವ ಪುಣ್ಯಾತ್ಮ?" ಎಂದ ಹರಿನಾಥ.

"ನಾನು," ಎಂದ ಲೋಕಯ್ಯ.

"ತಲೆಗೂ ಸ್ವಲ್ಪ ಕೊಡಬೇಕಿತ್ತು ಮಾರಾಯ!"

ದಡದಲ್ಲಿ ನಗೆ ಎದ್ದಿತು. "ಎಣ್ಣೆ ಲೋಕಯ್ಯ," ಎಂದಳು ಕಿನ್ನಿ. ಆ ಹೆಸರು ಆ ಗಳಿಗೆಯಿಂದ ಅವನಿಗೆ ಅಂಟಿಕೊಂಡಿತು.

ಅಮ್ಮಣಿ ಶೆಡ್ತಿ ಲಾಂಚಿನ ಅಂಚಿಗೆ ಬಗ್ಗಿ ಕೈಚಾಚಿದರು. ಸುಕುಮಾರ ತಂತಿಯ ತುಂಡೊಂದನ್ನು ಕತ್ತರಿಸಿ ಕೊಟ್ಟ. ಅವರು ಅದನ್ನು ಹೆಬ್ಬೆರಳಿನಿಂದ ತಿಕ್ಕಿದರು, ಮೂಸಿದರು, ಕೈಯನ್ನು ಹಲಗೆಗೆ ಒರಸಿದರು. ಲೋಕಯ್ಯ ಅವರತ್ತ ನೋಡಲಿಲ್ಲ. ಅವರೂ ಅವನತ್ತ ನೋಡಲಿಲ್ಲ.

"ಹಲಗೆಗೆ ಕೊಟ್ಟದ್ದು ಸರಿ ಉಂಟು," ಎಂದರು. ತಂತಿಯ ತುಂಡನ್ನು ಎತ್ತಿ ತೋರಿಸಿ, "ಇದಕ್ಕೆ ಇನ್ನು ಬೇಡ," ಎಂದರು.

"ಅದನ್ನು ಇವನಿಗೆ ನೀವು ಹೇಳಿಕೊಡಬೇಕಾ ಅಕ್ಕ? ಜಯಪಾಲನಿಗೆ ಹೇಳಿಯಾಗಿದೆ, ಗುರುವಾರ..."

"ಬರುವುದು ಬೇಡ ಅಂತ ಹೇಳು."

"ಕೇಳಿದ್ರೆ ಎಂತ ಹೇಳಲಿ?"

"ಲಾಂಚಿಗೆ ಡ್ರೈವರ್ ಇದ್ದಾನೆ ಅಂತ."

"ಇಷ್ಟು ದೊಡ್ಡ ತಪ್ಪು ಮಾಡಿದವನನ್ನು..."

ಅಮ್ಮಣಿ ಶೆಡ್ತಿ, ಹೊಸ ತಂತಿ ಎಲ್ಲಿ ಸಿಗುತ್ತದೆ ಎಂದು ಸುಕುಮಾರನನ್ನು ಕೇಳಿದರು. ಅಂಗಡಿಯಲ್ಲೇ ಇದೆ, ಸೀಸದ ಹೊದಿಕೆಯದ್ದು, ಎಂದ ಅವನು. ಒಮ್ಮೆ ಲೋಕಯ್ಯನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದ. ಲೋಕಯ್ಯ ಹಲಗೆಯ ಮೊಳೆ ಹೆಕ್ಕುತ್ತಿದ್ದ. ಸುಕುಮಾರ ಸೈಕಲು ಹತ್ತಿದ.

ಸುಕುಮಾರ ತಂತಿ ತಂದ ಮೇಲೆ, ಮಧ್ಯಾಹ್ನವಿಡೀ ಅವನೂ ಲೋಕಯ್ಯನೂ ಹೊಟ್ಟೆ ಅಡಿಯಾಗಿ ಮಲಗಿ ಹೊಸ ತಂತಿ ಎಳೆದರು. ತೂತುಗಳ ಎಣ್ಣೆಯನ್ನು ಬೂದಿ ಹಾಕಿ ಒರಸಿ ತೆಗೆದರು. ಸಂಜೆ ನಾಲ್ಕಕ್ಕೆ ಲಾಂಚು ಹೊರಡಲು ಸಿದ್ಧವಾಯಿತು. ಹತ್ತಲು ಯಾರೂ ಮುಂದೆ ಬರಲಿಲ್ಲ.

"ನೀನು ಹತ್ತು ಕಿನ್ನಿ," ಎಂದರು ಗುಂಪಿನಲ್ಲಿ ಯಾರೋ.

"ನನಗೆ ಮನೆಯಲ್ಲಿ ಮಕ್ಕಳುಂಟು ಮಾರಾಯ. ನಾನು ದೋಣಿಯಲ್ಲೇ ಹೋಗ್ತೇನೆ."

ಅಮ್ಮಣಿ ಶೆಡ್ತಿ ಕೊಡೆ ಮಡಚಿದರು. ಲಾಂಚು ಕೊಂಡ ಮೇಲೆ ಒಂದು ದಿನವೂ ಅವರು ಅದರಲ್ಲಿ ಕಾಲಿಟ್ಟಿರಲಿಲ್ಲ. ಸದ್ದು ಮಾಡುವುದರಲ್ಲಿ ತಾನು ಕೂರುವುದಿಲ್ಲ ಎನ್ನುತ್ತಿದ್ದರು. ಈಗ ಹರಿನಾಥ ಚಾಚಿದ ಕೈಯನ್ನು ಹಿಡಿಯದೆ ಹಲಗೆ ದಾಟಿ, ಪ್ರಯಾಣಿಕರ ಬೆಂಚು ಬಿಟ್ಟು, ಚುಕ್ಕಾಣಿಯ ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತರು. ದಡದ ಮಾತು ನಿಂತಿತು. ಕಿನ್ನಿ ಬುಟ್ಟಿ ಎತ್ತಿಕೊಂಡಳು. ಅವಳ ಹಿಂದೆ ಉಳಿದವರೂ ಹತ್ತಿದರು.

ಲೋಕಯ್ಯ ಲಾಂಚನ್ನು ಹೊಳೆಯ ನಡುವಿಗೆ ತಂದ. ನೀರಿನ ಸೆಳೆತ ಅಳಿವೆಯ ಕಡೆಗೇ ಇತ್ತು.

"ಎಲ್ಲವನ್ನೂ ಹಾಕು," ಎಂದರು ಅಮ್ಮಣಿ ಶೆಡ್ತಿ, ಎದುರಿನ ನೀರನ್ನೇ ನೋಡುತ್ತ.

ಅವನು ಪಂಪು ಹಾಕಿದ, ಹಗಲಿನಲ್ಲೇ ದೀಪಗಳನ್ನು ಹಚ್ಚಿದ, ಹಾರ್ನು ಒತ್ತಿ ಹಿಡಿದ. ಸುಕುಮಾರ ಬ್ಯಾಟರಿಯ ಬಳಿ ಮೊಣಕಾಲೂರಿ ಕರೆಂಟು ಅಳೆಯುವ ಅಮ್ಮೀಟರನ್ನು ನೋಡಿದ. ಮುಳ್ಳು ಹದಿನಾಲ್ಕು ಆಂಪಿಯರಿನಲ್ಲಿ ನಿಂತಿತ್ತು; ಕಪ್ಪು ಹಿಡಿ ಮೇಲೆಯೇ ಇತ್ತು.