ಹತ್ತು ಒದೆ

"ನಿಮ್ಮನೇಲಿ ಕುಡಿಯೋ ನೀರಿಗೂ ಬರವೇನೇ? ಇಷ್ಟುದ್ದ ಡಬ್ಬಿಗೆ ನಾಲ್ಕು ಹನಿ ಉಚ್ಚೆ ಹಿಡಿಯೋಕೆ ಆಗ್ದಿದ್ದೋಳು, ನೀನು ಮಗು ಹೆರ್ತೀಯಾ?"

ಡಾಕ್ಟರಮ್ಮ ಖಾಲಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ನನ್ನ ವಾರಗಿತ್ತಿ ಬೆರಳು ಹಿಸುಕಿಕೊಳ್ಳುತ್ತಾ ನಿಂತಿದ್ದಳು. ಅವಳು ಬಾಯಿ ಸತ್ತವಳು. ಬೈದರೆ ಬೈದವರಿಗೇ ಎಲ್ಲಿ ನೋವಾಯಿತೋ ಎಂದು ನೋಡುವವಳು. ಜೊತೆಗೆ ಬಂದ ನಾನು ಬಾಗಿಲಿಗೆ ಒರಗಿ ನಿಂತಿದ್ದೆ, ಕೂರಲು ನಮಗೆ ಕುರ್ಚಿ ಇರಲಿಲ್ಲ.

ಈ ಡಾಕ್ಟರಮ್ಮ ಹೆರಿಗೆ ಡಾಕ್ಟರು. ನಾವು ಹೊಲಿಗೆಗೆ ಹೋಗುವ ಫ್ಯಾಕ್ಟರಿಯವರು ಮಹಡಿ ಮೇಲೆ ಒಂದು ರೂಮು ಕೊಟ್ಟು ತಿಂಗಳಿಗೊಂದು ದಿನ ಕರೆಸುತ್ತಾರೆ. ಬಸುರಿಯರು ಸಾಲಾಗಿ ನಿಲ್ಲಬೇಕು, ಒಬ್ಬೊಬ್ಬರಿಗೆ ಎರಡು ನಿಮಿಷ. ಆ ಎರಡು ನಿಮಿಷದಲ್ಲೂ ಅವಳ ಕಣ್ಣು ಮೊಬೈಲಿನ ಮೇಲೆ.

"ಕೇಳಿಸ್ಕೋ. ದಿನಕ್ಕೆ ಮೂರು ಲೀಟರ್ ನೀರು. ಉಚ್ಚೆ ತಡೆದು ಕೂರ್ಬಾರ್ದು. ಮಲಗೋದು ಎಡಮಗ್ಗುಲಿಗೆ. ಊಟ ಆದ್ಮೇಲೆ ಆರಾಮಾಗಿ ಮಲಗಿ ಮಗು ಎಷ್ಟು ಸಲ ಒದೀತು ಅಂತ ಎಣಿಸು. ಎರಡು ಗಂಟೆ ಒಳಗೆ ಹತ್ತು ಒದೆ ಆಗ್ಬೇಕು. ಹತ್ತಾಯ್ತಾ, ಸರಿ. ಆಗ್ಲಿಲ್ವಾ, ಓಡಿ ಬಾ. ಹತ್ತರ ತನಕ ಎಣಿಸೋಕೆ ಬರುತ್ತೆ ತಾನೆ?"

"ಬರುತ್ತೆ ಮೇಡಂ."

"ಎರಡು ಕಳ್ಕೊಂಡಿದೀಯ. ಇದೂ ಹೋದ್ರೆ ನನ್ನ ಮುಂದೆ ಬಂದು ಗೋಳಾಡ್ಬೇಡ. ನೆಕ್ಸ್ಟ್."

ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಎರಡು ಸಲ ಐದು ತುಂಬುವ ಮೊದಲೇ ಹೋಗಿದ್ದವು. ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಹೊತ್ತುಕೊಂಡು ಹೋದವಳು ನಾನು. ಈ ಸಲ ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಇದೊಂದು ಉಳಿದರೆ ಸಾಕು ಎಂದು ನನ್ನ ಮೈದುನ ದಿನಾ ಬಸ್‌ಸ್ಟ್ಯಾಂಡಿಗೆ ಬಂದು ಅವಳ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದ. ಎರಡು ವರ್ಷ ಸೊಸೆಯ ಮುಖ ನೋಡದೆ ಮಾತಾಡುತ್ತಿದ್ದ ಅತ್ತೆ ಕೂಡ ಅವಳ ತಟ್ಟೆಗೆ ಮೊದಲು ಬಡಿಸುತ್ತಿದ್ದಳು.

ಡಾಕ್ಟರಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೇಳುವವಳಿಗೇನು, ಹೊರುವವಳಿಗೆ ಗೊತ್ತು ಭಾರ. ಫ್ಯಾಕ್ಟರಿಯಲ್ಲಿ ನಮ್ಮ ಮಿಷಿನ್ ಸಾಲಿನಲ್ಲಿ ನಲವತ್ತು ಹೆಂಗಸರು. ಪಾಯಖಾನೆಗೆ ಹೋಗಲು ನಲವತ್ತು ಜನಕ್ಕೂ ಒಂದೇ ಟೋಕನ್, ಕೆಂಪು ಬಣ್ಣ ಬಳಿದ ಮರದ ತುಂಡು. ದನಕ್ಕೆ ಗಂಟೆ ಕಟ್ಟಿದ ಹಾಗೆ ಅದನ್ನು ಕೊರಳಿಗೆ ಹಾಕಿಕೊಂಡು ಎಲ್ಲರ ಮುಂದೆ ನಡೆದು ಹೋಗಬೇಕು. ಅದಕ್ಕೇ ನಾವು ಯಾರೂ ಬೆಳಿಗ್ಗೆ ನೀರು ಕುಡಿಯುವುದಿಲ್ಲ. ವಾರಗಿತ್ತಿ ಕುಡಿಯತೊಡಗಿದಳು. ನಮ್ಮ ಸಾಲಿನವರೆಲ್ಲ ಮಾತಾಡಿಕೊಂಡು ತಮ್ಮ ತಮ್ಮ ಸರದಿ ಅವಳಿಗೆ ಬಿಟ್ಟುಕೊಟ್ಟರು.

ಸೂಪರ್‌ವೈಸರ್ ಅದನ್ನೂ ಸಹಿಸಲಿಲ್ಲ. ನಾವು ಅವನಿಗಿಟ್ಟ ಹೆಸರು ಮುಳ್ಳು. ಗಡಿಯಾರದ ಸೆಕೆಂಡಿನ ಮುಳ್ಳಿನ ಹಾಗೆ ಒಂದು ಕಡೆ ನಿಲ್ಲುವ ಜಾತಿಯಲ್ಲ.

"ಮತ್ತೆ ಎದ್ದಾ? ಹೊಟ್ಟೇಲಿರೋದು ಕೂಸೋ ಇಲ್ಲಾ ಮುರಿದ ನಲ್ಲಿಯೋ?"

ಅವನೇ ನಕ್ಕ. ಪಕ್ಕದ ಸಾಲಿನ ಸೂಪರ್‌ವೈಸರನೂ ಹಲ್ಲು ಕಿರಿದ. ಅವಳು ಟೋಕನ್ ಕೊರಳಿಗೆ ಹಾಕಿಕೊಂಡು ಹೊಟ್ಟೆ ಹಿಡಿದುಕೊಂಡು ನಡೆದಳು. "ನಿಮ್ಮಮ್ಮನ ಹೊಟ್ಟೇಲಿ ಏನಿತ್ತು ಅಂತ ನೋಡ್ತಾ ಇದೀವಲ್ಲೋ ದಿನಾ, ಬೋಳಿಮಗನೆ," ಎಂದು ನಾನು ಮಿಷಿನ್ ಸದ್ದಿನಲ್ಲಿ ಹೇಳಿದೆ. ನನ್ನ ಸಾಲಿಗೆ ಮಾತ್ರ ಕೇಳಿಸಿತು.

ಎಣಿಸುವುದು ಎಲ್ಲಿಂದ ಬಂತು? ಊಟಕ್ಕೆ ಅರ್ಧ ಗಂಟೆ. ಎರಡು ಗಂಟೆ ಎಡಮಗ್ಗುಲಿಗೆ ಮಲಗಲು ನಮ್ಮಪ್ಪನ ಮನೆ ಫ್ಯಾಕ್ಟರಿಯೇ? ಅವಳು ಅದಕ್ಕೂ ದಾರಿ ಹುಡುಕಿಕೊಂಡಳು. ಊಟ ಮುಗಿಸಿ ಮಿಷಿನ್ನಿಗೆ ಕೂತ ಕೂಡಲೇ ಎಣಿಸಲು ಶುರು. ಒಂದು ಒದೆಗೆ ಒಂದು ಗೆರೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಮೇಜಿನ ಅಂಚಿನ ಕೆಳಗೆ. ಹತ್ತಾದರೆ ಅಡ್ಡಗೆರೆ ಎಳೆದು ನಿಲ್ಲಿಸುತ್ತಿದ್ದಳು.

ನಾವು ಹೊಲಿಯುವುದು ಎಳೆಗೂಸುಗಳ ಅಂಗಿ. ಅವಳು ಕತ್ತಿನ ಪಟ್ಟಿ ಹೊಲಿಯುತ್ತಾಳೆ. ನಾನು ಟಿಚ್ ಬಟನ್ ಹೊಡೆಯುತ್ತೇನೆ. ಜಾಗ ಉಳಿಯಲಿ ಎಂದು ಅವಳ ಮಿಷಿನ್ನನ್ನೂ ನನ್ನದನ್ನೂ ಒಂದೇ ಕಬ್ಬಿಣದ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದ್ದರು. ನಾನು ಪೆಡಲ್ ತುಳಿದರೆ ಧಪ್ ಎಂದು ಒಂದು ಏಟು, ಒಂದು ಬಟನ್. ಎಂಟು ವರ್ಷದಿಂದ ಆ ಏಟಿಗೆ ನನ್ನ ಮೈ ಎಷ್ಟು ಒಗ್ಗಿಹೋಗಿತ್ತೆಂದರೆ ಅದು ಇದೆ ಎಂಬುದೇ ಮರೆತುಹೋಗಿತ್ತು.

ಮೊದಮೊದಲು ಹತ್ತಾಗಲು ಒಂದೂವರೆ ಗಂಟೆ ಹಿಡಿಯುತ್ತಿತ್ತು. ಆಮೇಲೆ ಒಂದು ಗಂಟೆ. ಹೊಟ್ಟೆ ದೊಡ್ಡದಾದ ಹಾಗೆಲ್ಲ ಬೇಗ ಬೇಗ.

"ಅಕ್ಕ, ಇವತ್ತು ಕಾಲು ಗಂಟೇಲೇ ಹತ್ತು."

"ಹುಟ್ಟೋಕೆ ಮೊದ್ಲೇ ಟಾರ್ಗೆಟ್ ಮುಗಿಸ್ತಾ ಇದ್ಯಲ್ಲೇ. ಮುಳ್ಳಿಗೆ ಹೇಳ್ಬೇಡ, ನಾಳೆಯಿಂದ ಇಪ್ಪತ್ತು ಕೇಳ್ತಾನೆ."

ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಮನೆಯಲ್ಲಿ ಒದೆಯುತ್ತದೆಯೇ ಎಂದು ಒಮ್ಮೆ ಕೇಳಿದೆ. "ಮನೆಗೆ ಹೋದ್ರೆ ಮಲಗಿಬಿಡುತ್ತೆ ಅಕ್ಕ. ನಮ್ಮ ಹಾಗೇ ಸುಸ್ತಾಗಿರುತ್ತೆ ಪಾಪ," ಎಂದಳು. ಎರಡು ಹೆತ್ತವಳು ನಾನು, ತಾಯಿ ಮಲಗಿದಾಗಲೇ ಮಗು ಹೆಚ್ಚು ಒದೆಯುವುದೆಂದು ಗೊತ್ತಿದ್ದವಳು. ಅಲ್ಲೇ ನನಗೆ ತಿಳಿಯಬೇಕಿತ್ತು. ನಾನೂ ನಕ್ಕೆ. ಈಗ ನೆನೆದರೆ ನನ್ನ ಬಾಯಿಗೆ ಮಣ್ಣು ಹಾಕಿಕೊಳ್ಳಬೇಕು ಅನ್ನಿಸುತ್ತದೆ.

ಮುಂದಿನ ಸಲ ಡಾಕ್ಟರಮ್ಮ ಬಂದಾಗ ನಮ್ಮ ಸಾಲಿಗೆ ಮಹಡಿ ಹತ್ತಲು ಬಿಡಲಿಲ್ಲ. ಮಾಲು ಹೋಗುವುದಿತ್ತು. "ಬಸುರು ಎಲ್ಲೂ ಓಡ್ಹೋಗಲ್ಲ. ಮುಂದಿನ ತಿಂಗಳು ಹೋಗ್ರಿ," ಎಂದ ಮುಳ್ಳು. ಅವಳೂ, "ಇರ್ಲಿ ಅಕ್ಕ, ಹತ್ತಾಗ್ತಿದ್ಯಲ್ಲ," ಎಂದಳು.

ಅದೇ ದಿನ ಊಟವಾಗಿ ಕೂತು ಐದು ನಿಮಿಷವಾಗಿತ್ತು, ಕರೆಂಟು ಹೋಯಿತು. ಜನರೇಟರ್ ಗುರ್ರೆಂದು ಕೆಮ್ಮಿ ನಿಂತಿತು. ಇನ್ನೂರು ಮಿಷಿನ್ ಒಟ್ಟಿಗೆ ಸುಮ್ಮನಾದವು. ಹೆಂಗಸರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಏಳಕ್ಕೆ ನಿಂತಿದೆ ಅಕ್ಕ," ಎಂದಳು ಅವಳು.

"ಏನು?"

"ಒದೆ. ಏಳಾಗಿತ್ತು."

ಐದು ನಿಮಿಷ ಹೋಯಿತು, ಹತ್ತು ನಿಮಿಷ ಹೋಯಿತು. ಅವಳು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಸೀಮೆಸುಣ್ಣ ಬೆರಳ ಸಂದಿಯಲ್ಲಿತ್ತು. ಇಪ್ಪತ್ತು ನಿಮಿಷವಾದ ಮೇಲೆ ಅವಳ ಮೇಲ್ತುಟಿ ಬೆವರಿತು. "ನಿದ್ದೆ ಮಾಡ್ತಿರ್ಬೇಕು," ಎಂದೆ ನಾನು.

ಕರೆಂಟು ಬಂತು. "ಹೂಂ, ಹೊಡೀರಿ ಹೊಡೀರಿ, ಸೋಮಾರಿ ಮುಂಡೇರಾ," ಎಂದು ಮುಳ್ಳು ಚಪ್ಪಾಳೆ ತಟ್ಟಿದ. ನಾನು ಅಂಗಿ ಎಳೆದುಕೊಂಡು ಪೆಡಲ್ ತುಳಿದೆ. ಧಪ್.

"ಬಂತು ಅಕ್ಕ. ಎಂಟು."

ಅವಳ ಮುಖ ಅರಳಿತು. ಅದುರಿದ ಮೇಜಿಗೆ ಒತ್ತಿಕೊಂಡಿದ್ದ ಅವಳ ಹೊಟ್ಟೆಯನ್ನು ನೋಡಿದೆ. ನನ್ನ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು. ಇರಲಾರದು ಅಂದುಕೊಂಡೆ. ಅಂಗಿ ಇಡದೆ, ಅವಳ ಮುಖವನ್ನೇ ನೋಡುತ್ತಾ ಇನ್ನೊಮ್ಮೆ ತುಳಿದೆ.

"ಒಂಬತ್ತು."

ಪೆಡಲಿನಿಂದ ಕಾಲು ತೆಗೆದೆ. ಮತ್ತೆ ತುಳಿಯಲಿಲ್ಲ. ಅವಳು ಸೀಮೆಸುಣ್ಣ ಹಿಡಿದು ಹತ್ತನೆಯದಕ್ಕೆ ಕಾಯುತ್ತಿದ್ದಳು.

"ಎದ್ದೇಳು. ಮೇಲೆ ಡಾಕ್ಟರ ಹತ್ರ ಹೋಗೋಣ."

"ಯಾಕಕ್ಕ? ಒಂದೇ ಬಾಕಿ."

ತೋಳು ಹಿಡಿದು ಎಬ್ಬಿಸಿದೆ. ಅಷ್ಟರಲ್ಲಿ ಮುಳ್ಳು ಬಂದ.

"ಎಲ್ಲಿಗೆ ಸವಾರಿ?"

"ಮಗು ಅಲ್ಲಾಡ್ತಿಲ್ಲ ಸಾರ್. ಡಾಕ್ಟರು ನೋಡ್ಲಿ. ಐದು ನಿಮಿಷ."

"ಅಲ್ಲಾಡ್ತಿಲ್ವಾ?" ಅವನು ಅವಳನ್ನೇ ಕೇಳಿದ. "ಏನಮ್ಮ, ಒದೀತೋ ಇಲ್ವೋ?"

ಅವಳು ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಈಗ ಒದೀತು ಸಾರ್. ಒಂಬತ್ತಾಗಿದೆ," ಎಂದಳು.

"ಹೊತ್ತೋಳೇ ಹೇಳ್ತಿದಾಳೆ, ಮಧ್ಯೆ ನಿಂದೇನೇ ಲೌಡಿ? ಕೆಲಸ ಕದಿಯೋಕೆ ಇನ್ನೊಬ್ಬಳ ಹೊಟ್ಟೆ ಬೇಕಾ ನಿಂಗೆ? ಕೂತ್ಕೋ."

ಮೈನ್ ಸ್ವಿಚ್ಚು ನಮ್ಮ ಸಾಲಿನ ಕೊನೆಯ ಕಂಬದಲ್ಲಿದೆ. ಉದ್ದನೆಯ ಹಿಡಿ, ಮುಟ್ಟಿದರೆ ಕೆಲಸದಿಂದ ತೆಗೆಯುತ್ತೇವೆ ಎಂದು ಮೇಲೆ ಬರೆದಿದ್ದಾರೆ. ಹೋಗಿ ಎರಡೂ ಕೈಯಲ್ಲಿ ಹಿಡಿದು ಕೆಳಗೆಳೆದೆ.

ದೀಪ ಆರಿತು. ಫ್ಯಾನು ನಿಂತಿತು. ಇನ್ನೂರು ಹೆಂಗಸರು ತಿರುಗಿ ನೋಡಿದರು.

"ಈಗ ಎಣಿಸು," ಎಂದೆ. ಅಷ್ಟು ದೂರದಿಂದಲೂ ಅವಳಿಗೆ ಕೇಳಿಸಿತು. "ಮೇಜು ಬಿಟ್ಟು ದೂರ ನಿಂತ್ಕೊಂಡು ಎಣಿಸು ನನ್ನವ್ವ."

ಅವಳು ಮೇಜನ್ನು ನೋಡಿದಳು. ನನ್ನ ಮಿಷಿನ್ನನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ಅವಳಿಗೆ ತಿಳಿಯಿತು. ಅವಳು ಅಳಲಿಲ್ಲ, ಮೇಜು ಬಿಟ್ಟು ದೂರ ಸರಿದು ಎಣಿಸಲು ಕಾದಳು.

ಮುಳ್ಳು ನನ್ನ ಕಡೆ ಧಾವಿಸಿದ. ಕೊನೆಯ ಮಿಷಿನ್ನಿನ ಮುದುಕಿ ಎದ್ದು ದಾರದ ಕತ್ತರಿ ಕೈಯಲ್ಲಿ ಹಿಡಿದು ಅಡ್ಡ ನಿಂತಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಆಮೇಲೆ ಸಾಲಿಗೆ ಸಾಲೇ ಎದ್ದಿತು. ಅವನೂ ನಿಂತ.

ಎರಡನೆಯ ಸಲವೂ ಫ್ಯಾನು ನಿಂತದ್ದಕ್ಕೆ ರೇಗಿ ಡಾಕ್ಟರಮ್ಮ ಮೆಟ್ಟಿಲಿಳಿದು ಬಂದಳು. "ಏನಿದು ಗಲಾಟೆ?"

"ಗಲಾಟೆ ಎಲ್ಲಿದೆ ಮೇಡಂ, ಒಂದು ಸೊಲ್ಲಿಲ್ಲ. ನೋಡಿ, ಇವಳ ಹೊಟ್ಟೇಲಿ ಏನಾದ್ರೂ ಕೇಳಿಸುತ್ತಾ ನೋಡಿ," ಎಂದೆ.

ಅಂಗಿಗಳ ಗಂಟುಗಳ ಮೇಲೆ ವಾರಗಿತ್ತಿಯನ್ನು ಮಲಗಿಸಿದೆವು. ಎಡಮಗ್ಗುಲಿಗೇ ಮಲಗಿದಳು. ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳುವ ಪುಟ್ಟ ಯಂತ್ರ ತರಿಸಿದಳು. ಬ್ಯಾಟರಿಯದು. ಹೊಟ್ಟೆಗಿಟ್ಟರೆ ಸುರ್ರೆಂಬ ಸದ್ದು, ಇನ್ನೂರು ಜನಕ್ಕೂ ಕೇಳಿಸುವಷ್ಟು. ಕೆಳಗಿಟ್ಟಳು, ಪಕ್ಕಕ್ಕಿಟ್ಟಳು. ಒಮ್ಮೆ ಲಬ್ ಲಬ್ ಎಂದಿತು. ವಾರಗಿತ್ತಿ ತಲೆ ಎತ್ತಿದಳು.

"ಅದು ನಿಂದು," ಎಂದಳು ಡಾಕ್ಟರಮ್ಮ, ಅವಳ ಮಣಿಕಟ್ಟು ಹಿಡಿದು ನೋಡಿ. ಮೊದಲ ಸಲ ಅವಳ ದನಿ ತಗ್ಗಿತ್ತು. ಇನ್ನೂ ಎರಡು ಕಡೆ ಇಟ್ಟು ಯಂತ್ರ ಆರಿಸಿದಳು. "ದೊಡ್ಡಾಸ್ಪತ್ರೆಗೆ ಈಗ್ಲೇ ಕರ್ಕೊಂಡು ಹೋಗಿ. ಎಣಿಸು ಅಂತ ಅಷ್ಟು ಹೇಳಿದ್ದೆ. ಎಣಿಸ್ಲೇ ಇಲ್ವಲ್ಲ."

"ಎಣಿಸಿದೀನಿ ಮೇಡಂ," ಎಂದಳು ನನ್ನ ವಾರಗಿತ್ತಿ. ಮೇಜಿನ ಅಂಚಿನ ಕಡೆ ಕೈ ತೋರಿಸಿದಳು.

ಡಾಕ್ಟರಮ್ಮ ಬಾಗಿ ನೋಡಿದಳು. ಒಂದು ದಿನವೂ ತಪ್ಪಿರಲಿಲ್ಲ. ಹತ್ತು ಗೆರೆ, ಅಡ್ಡಗೆರೆ. ಹತ್ತು ಗೆರೆ, ಅಡ್ಡಗೆರೆ. ಕೊನೆಯದು ಮಾತ್ರ ಒಂಬತ್ತಕ್ಕೆ ನಿಂತಿತ್ತು.

"ಮಿಷಿನ್ ಹತ್ರ ಕೂತು ಎಣಿಸ್ತಾರೇನೇ? ಮಲಗಿ ಅಂದಿದ್ದೆ."

"ಮಲಗೋಕೂ ಒಂದು ಟೋಕನ್ ಕೊಡ್ಸಿ ಮೇಡಂ," ಎಂದೆ ನಾನು. ಡಾಕ್ಟರಮ್ಮ ಮುಳ್ಳಿನ ಮುಖ ನೋಡಿದಳು, ಮುಳ್ಳು ಗಡಿಯಾರ ನೋಡಿದ.

ನಾನೂ ಮುದುಕಿಯೂ ವಾರಗಿತ್ತಿಯನ್ನು ಎರಡೂ ಕಡೆ ಹಿಡಿದು ಎಬ್ಬಿಸಿ ನಡೆಸಿಕೊಂಡು ಹೊರಟೆವು. ನಾವು ಅರ್ಧ ದಾರಿ ಹೋಗಿರಲಿಲ್ಲ, ಮುಳ್ಳು ಹೋಗಿ ಹಿಡಿ ಮೇಲಕ್ಕೆ ಎತ್ತಿದ. ದೀಪಗಳು ಹತ್ತಿದವು. ಫ್ಯಾನುಗಳು ತಿರುಗಿದವು.

"ಹೋದ್ರಲ್ಲ. ಕೂತ್ಕೊಳ್ರಿ, ಹೊಡೀರಿ," ಎಂದ.

ಮಿಷಿನ್ ಓಡಬೇಕಾದರೆ ಕಾಲು ಬೇಕು. ನಾವು ಆ ಉದ್ದನೆಯ ಹಾಲ್ ದಾಟಿ, ಗೇಟಿನವನನ್ನು ತಳ್ಳಿ ರಸ್ತೆಗೆ ಇಳಿಯುವವರೆಗೂ ನಮ್ಮ ಬೆನ್ನ ಹಿಂದೆ ಒಂದು ಮಿಷಿನ್ನೂ ಸದ್ದು ಮಾಡಲಿಲ್ಲ. ಅವಳು ಆ ನಿಶ್ಶಬ್ದಕ್ಕೆ ಕಿವಿಗೊಟ್ಟು, ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಹತ್ತನೆಯದಕ್ಕೆ ಕಾಯುತ್ತಾ ನಡೆಯುತ್ತಿದ್ದಳು.