ಸ್ಟಾಕಿಲ್ಲದ ಗ್ಲೌಸು

"ಚಾಚ್ರೇ ಕೈನ! ಯಾವಳೇ ಅವಳು, ಸೌತೆಕಾಯಿಗೆ ರಕ್ತ ಹಚ್ಚಿದ ರಂಡೆ?"

ಕ್ಯಾಂಟೀನಿನ ಮ್ಯಾನೇಜರು ತಟ್ಟೆಯನ್ನು ಕಟ್ಟೆಯ ಮೇಲೆ ಕುಕ್ಕಿದ. ಬಿಳಿ ಹೋಳಿನ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು. ಮೇಲಿನ ಮಹಡಿಯ ಸಾಹೇಬರೊಬ್ಬರು ಅದನ್ನು ಕಂಡು, ಬಾಯಲ್ಲಿದ್ದುದನ್ನೂ ಉಗಿದು ಎದ್ದುಹೋಗಿದ್ದರು.

ತರಕಾರಿ ಹೆಚ್ಚುವ ಆರು ಹೆಂಗಸರು ಕೈ ಚಾಚಿದರು. ಎಲ್ಲರ ಬೆರಳಲ್ಲೂ ಗಾಯ. ಹಿಡಿ ಮುರಿದು ಬಟ್ಟೆ ಸುತ್ತಿದ ಚಾಕುಗಳಲ್ಲಿ ಮೂಟೆಗಟ್ಟಲೆ ಹೆಚ್ಚಿದರೆ ಇನ್ನೇನಾದೀತು? ಆದರೂ ಎಲ್ಲರ ಕಣ್ಣು ಹೊರಳಿದ್ದು ಸಣ್ಣಕ್ಕನ ಕಡೆಗೇ. ಅವಳ ಗಂಡ ಹೋದ ವರ್ಷ ಏಡ್ಸ್ ಆಗಿ ಸತ್ತಿದ್ದ. ತನ್ನ ರಕ್ತದಲ್ಲಿ ಏನೂ ಇಲ್ಲವೆಂಬ ಆಸ್ಪತ್ರೆಯ ಚೀಟಿಯನ್ನು ಅವಳು ಎರಡು ಸಲ ತಂದು ತೋರಿಸಿದ್ದಳು. ಮ್ಯಾನೇಜರು ಅದನ್ನು ಮುಟ್ಟದೆ, ದೂರದಿಂದಲೇ ಓದಿದ್ದ.

ಪಕ್ಕದವಳು ತನ್ನ ನೀರಿನ ಲೋಟವನ್ನು ಮೆಲ್ಲಗೆ ಅತ್ತ ಸರಿಸಿಕೊಂಡಳು. ನಿನ್ನೆಯವರೆಗೂ ಇಬ್ಬರೂ ಅದೇ ಲೋಟದಲ್ಲಿ ಕುಡಿದಿದ್ದರು. ಸಣ್ಣಕ್ಕ ಅವಳ ಕೈಯನ್ನೇ ನೋಡಿದಳು. ಇವಳ ಹೆಬ್ಬೆರಳಿನ ಬಟ್ಟೆ ಇನ್ನೂ ಹಸಿಯಾಗಿದೆಯಲ್ಲ, ಆ ರಕ್ತ ಇವಳದ್ದೇ ಏಕಾಗಿರಬಾರದು? ಹಾಗೆ ಅನುಮಾನಪಟ್ಟಿದ್ದಕ್ಕೆ ಸಣ್ಣಕ್ಕನಿಗೇ ನಾಚಿಕೆಯಾಯಿತು.

"ನೀನೇ ತಾನೇ?" ಮ್ಯಾನೇಜರು ಅವಳ ಮುಂದೆ ಬಂದು ನಿಂತ. "ಸಾಹೇಬ್ರಿಗೆ ಅಂಟಿದ್ರೆ ನಿಮ್ಮಪ್ಪ ಬರ್ತಾನಾ? ನಾಳೆಯಿಂದ ಇತ್ತ ತಲೆ ಹಾಕ್ಬೇಡ."

"ನನಗೆ ಏನೂ ಇಲ್ಲ ಸಾರ್. ಇದ್ರೂ ಊಟದಿಂದ ಅಂಟಲ್ಲ ಅಂತ ನರ್ಸಮ್ಮ ಹೇಳಿದಾರೆ. ಕೆಲಸದಿಂದ ತೆಗೀಬೇಡಿ, ಮಗಳಿದಾಳೆ."

"ನರ್ಸು ಬಂದು ತಿಂತಾಳಾ ನೀನು ಹೆಚ್ಚಿದ್ದನ್ನ? ತೋರ್ಸೇ ಕೈ!"

ಅವಳ ಮಣಿಕಟ್ಟು ಹಿಡಿದು ತಿರುಚಿದ. ಚರ್ಮಕ್ಕೆ ತಣ್ಣಗೆ ರಬ್ಬರ್ ತಾಗಿತು. ಸಣ್ಣಕ್ಕ ತಲೆ ತಗ್ಗಿಸಿ ನೋಡಿದಳು. ಅವನ ಎರಡೂ ಕೈಗೆ ಹೊಚ್ಚಹೊಸ ಗ್ಲೌಸು. ಗಾಯದ ಮೇಲೆ ಹಾಕಿಕೊಳ್ಳಲು ಕೊಡಿ ಎಂದು ಆರೂ ಜನ ವರ್ಷದಿಂದ ಅಂಗಲಾಚಿದ್ದು ಇದಕ್ಕೇ. ಕೇಳಿದಾಗಲೆಲ್ಲ ಸ್ಟಾಕಿಲ್ಲ ಎನ್ನುತ್ತಿದ್ದ.

"ಸ್ಟಾಕ್ ಬಂತಾ ಸಾರ್?"

"ಏನೇ?"

"ನಮ್ಮ ಗಾಯಕ್ಕೆ ಇಲ್ಲದ್ದು ನಿನ್ನ ಭಯಕ್ಕೆ ಎಲ್ಲಿಂದ ಬಂತು? ಬಿಚ್ಚೋ ಬೋಳಿಮಗನೇ!"

ಸಣ್ಣಕ್ಕ ಅವನ ಬೆರಳುಗಳ ತುದಿ ಹಿಡಿದು ಜಗ್ಗಿದಳು. ಗ್ಲೌಸು ಸುಲಿದುಕೊಂಡು ಬಂತು. ಅವನು ಇನ್ನೊಂದು ಕೈ ಎತ್ತುವಷ್ಟರಲ್ಲಿ ಪಕ್ಕದವಳು ಅದನ್ನು ಹಿಡಿದುಕೊಂಡಳು.

"ಇದೂ ನಮ್ದೇ ಕಣಕ್ಕ," ಎಂದು ಆ ಗ್ಲೌಸನ್ನೂ ಎಳೆದು ಕಿತ್ತಳು. ಅವಳ ಹೆಬ್ಬೆರಳಿನ ಬಟ್ಟೆ ಬಿಚ್ಚಿಕೊಂಡು ಅವನ ಅಂಗೈಗೆಲ್ಲ ಕೆಂಪು ಬಳಿದುಕೊಂಡಿತು.

ಅವನು ಚೀರಿದ. ಹಿಂದಕ್ಕೆ ಸರಿದರೆ ಕಟ್ಟೆ, ಮುಂದೆ ಗಾಯದ ಕೈಗಳನ್ನು ಚಾಚಿಕೊಂಡೇ ನಿಂತ ಆರು ಹೆಂಗಸರು. ಬರಿಗೈ ಎಲ್ಲಿಡಬೇಕೆಂದು ತಿಳಿಯದೆ ತಲೆಯ ಮೇಲೆ ಎತ್ತಿ ಹಿಡಿದುಕೊಂಡ.

"ಸರಿಯಾಗಿ ನೋಡಿ ಹೇಳು," ಎಂದಳು ಸಣ್ಣಕ್ಕ, "ಯಾರ್ದು ರಕ್ತ?"