ತಲೆಯ ಮೇಲಿನ ಚೀಲ

“ಒಳಗ ಕಾಲಿಟ್ಟಿ ಅಂದ್ರ ಕಾಲು ಮುರಿತೀನಿ, ಬೋಳಿಮಗನ! ನಿನ್ನ ಕೋರ್ಟು ಗೀರ್ಟು ಎಲ್ಲಾ ಹೊರಗ!”

ಶರಣೇಗೌಡರು ಬೈದದ್ದು ನನಗೆ. ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತು ಚಹಾ ಹೀರುತ್ತಿದ್ದ ಕೋರ್ಟಿನ ಅಮೀನರಿಗಲ್ಲ. ಬೈಯುವ ಅಗತ್ಯವೂ ಇರಲಿಲ್ಲ. ನನ್ನ ಕಾಲು ಆಗಲೇ ಹೊಸ್ತಿಲ ಈಚೆ ಬೇರುಬಿಟ್ಟಿತ್ತು.

ನಾನು ಓಬಳೆಪ್ಪ, ಸಿದ್ದಾಪುರದ ಹಮಾಲ. ನಮ್ಮವ್ವ ಹುಲಗಮ್ಮನ ಎರಡು ಎಮ್ಮೆ ಹೊಡೆದುಕೊಂಡು ಹೋದ ಗೌಡರು, ಸುಗ್ಗಿಗೆ ದುಡ್ಡು ಕೊಡುತ್ತೇನೆಂದು ಚೀಟಿ ಬರೆದುಕೊಟ್ಟಿದ್ದರು. ಸುಗ್ಗಿ ಬಂತು, ಹೋಯಿತು. ಎಮ್ಮೆಯಿಲ್ಲದ ಅವ್ವ ಅದೇ ಗೌಡರ ಗದ್ದೆಯಲ್ಲಿ ಸಸಿ ಹಚ್ಚುತ್ತಾ ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಅವಳನ್ನು ಆ ಕೆಸರಿನಿಂದ ಮೇಲೆ ತರಬೇಕೆಂದೇ ಕೋರ್ಟಿಗೆ ಹೋದೆವು. ಗೆದ್ದೆವು ಕೂಡ. ಎಂಥ ಗಂಡಸು ನಾನು ನೋಡಿ! ತೀರ್ಪು ಬಂದ ದಿನ ಕೋರ್ಟಿನ ಅಂಗಳದಲ್ಲೇ ಗೌಡರ ಕಾಲಿಗೆ ಬಿದ್ದು, “ತಪ್ಪಾತ್ರೀ ಧಣಿ, ಗೆದ್ದುಬಿಟ್ಟೆ” ಎಂದಿದ್ದೆ. ನಮ್ಮ ವಕೀಲರು ಹಣೆ ಬಡಿದುಕೊಂಡರು.

ಆಮೇಲೂ ದುಡ್ಡು ಬರಲಿಲ್ಲ. ಅದಕ್ಕೇ ಇವತ್ತು ಅಮೀನರು ಕೋರ್ಟಿನ ಆದೇಶ ಹಿಡಿದು ಗೌಡರ ಮನೆಗೆ ಜಪ್ತಿಗೆ ಬಂದಿದ್ದರು.

“ಮನಿ ಮಗನ ಹೆಸರಿಲೆ ಐತ್ರಿ, ಟ್ರ್ಯಾಕ್ಟರ್ ಹೆಂಡ್ತಿದು. ನಂದಂತ ಒಂದು ನಾಯಿ ಐತಿ, ಒಯ್ರಿ” ಎಂದು ಗೌಡರು ನಕ್ಕರು.

ಅಮೀನರೂ ನಕ್ಕು ಪೆನ್ನು ತೆಗೆದರು. “ಏನೂ ಸಿಗಲಿಲ್ಲ ಅಂತ ಬರೀಲೇನೋ ಓಬಳೆಪ್ಪ? ಇದ್ರ ನೀನ ಒಳಗ ಬಂದು ತೋರಸಬೇಕು.”

“ನೆಲ್ಲು ಐತ್ರಿ” ಎಂದೆ. ದನಿ ನನ್ನದೋ ಆ ನಾಯಿಯದೋ ತಿಳಿಯಲಿಲ್ಲ. “ಮೊನ್ನೆ ನಾನ ಹೊತ್ತು ಖೋಲ್ಯಾಗ ಒಟ್ಟೀನ್ರಿ.”

“ನನ್ನ ನೆಲ್ಲು ಮುಟ್ಟಿ ಅಂದ್ರ ಚರ್ಮ ಸುಲಿತೀನಿ, ಸೂಳಿಮಗನ!”

“ನಿಮ್ಮ ನೆಲ್ಲು ಅಂದ್ರಿ?” ಅಮೀನರು ಕಪ್ಪು ಕೆಳಗಿಟ್ಟರು. “ಹಂಗಾರ ಜಪ್ತಿ ಮಾಡಾಕ ಬರ್ತೈತಿ. ಬಾರೋ, ತೋರಸು.”

ಬರುವುದು ಹೇಗೆ? ನಮ್ಮ ಕೇರಿಯವರು ಆ ಹೊಸ್ತಿಲು ದಾಟುವುದು ತಲೆಯ ಮೇಲೆ ಚೀಲ ಇದ್ದಾಗ ಮಾತ್ರ. ಚೀಲವಿದ್ದರೆ ದೇವರ ಕೋಣೆಯ ಮುಂದೆ ಹಾಯ್ದರೂ ಯಾರೂ ಕೇಳುವುದಿಲ್ಲ. ಬರಿದಲೆಯಲ್ಲಿ ನೀರು ಬೇಡಿದರೂ ಅಂಗಳದಾಚೆ ನಿಲ್ಲಬೇಕು. ಕಾಲಿಗೆ ಎಷ್ಟು ಹೇಳಿದರೂ ಕೇಳಲಿಲ್ಲ.

ಓಣಿಯಲ್ಲಿ ಬಾಡಿಗೆಯ ಟಂಟಂ ಗಾಡಿಯ ಪಕ್ಕ ನಿಂತಿದ್ದ ಅವ್ವ ಕೂಗಿದಳು: “ಹೋಗೋ ಭಾಡ್ಯಾ! ಗೂಟ ಬಡದಂಗ ನಿಂತಾನ ನೋಡು!”

ಬಾಗಿಲ ಮೂಲೆಯಲ್ಲಿ ಒಂದು ಖಾಲಿ ಗೋಣಿಚೀಲ ಬಿದ್ದಿತ್ತು. ಎತ್ತಿ ತಲೆಯ ಮೇಲೆ ಹಾಕಿಕೊಂಡೆ. ನಾಚಿಕೆಗೆಟ್ಟ ಕಾಲು ತಾನಾಗಿಯೇ ಎದ್ದಿತು. ಅಮೀನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ, ನನ್ನನ್ನು ನಾನೇ ನೋಡಿದ್ದರೆ ನಾನೂ ನಗುತ್ತಿದ್ದೆ.

ಆ ಖಾಲಿ ಚೀಲದ ಮೇಲೆಯೇ ಒಂದು ತುಂಬಿದ ಚೀಲ ಹೊತ್ತೆ. ಆ ಮನೆಯಿಂದ ಚೀಲ ಹೊರಗೆ ತಂದದ್ದು ಅದೇ ಮೊದಲು.

“ನಾಳಿಂದ ಈ ಊರಾಗ ನಿನಗ ಯಾಂವ ಕೂಲಿ ಕೊಡ್ತಾನ ನೋಡ್ತೀನಿ! ನಿಮ್ಮವ್ವ ಮಣ್ಣು ತಿನ್ನಲಿ!” ಗೌಡರು ಬೆನ್ನ ಹಿಂದೆ ಒದರುತ್ತಿದ್ದರು. ಹಾಗೇ ಮಾಡುವವರು ಅವರು. ಆ ಗಾಬರಿಯಲ್ಲಿ ಟಂಟಂ ಹತ್ತಿರ ನಿಂತು, ರೂಢಿಯಂತೆ ತಿರುಗಿ ಅವರನ್ನೇ ಕೇಳಿಬಿಟ್ಟೆ:

“ಧಣಿ, ಎಲ್ಲಿ ಇಳಸಲ್ರಿ?”



“ಅವನ್ನ ಯಾಕ ಕೇಳ್ತೀಯೋ?” ಎಂದಳು ಅವ್ವ. “ನಾ ಇಲ್ಲೇ ಅದೀನಿ, ನನ್ನ ಕೇಳು. ಗಾಡ್ಯಾಗ ಇಳಸು. ಆ ಖಾಲಿ ಚೀಲ ಇತ್ತ ಕೊಡು, ಸೊಂಟ ಸೋತೈತಿ, ಹಾಸ್ಕೊಂಡು ಕುಂದರ್ತೀನಿ. ಇನ್ನೂ ಚೀಲ ಅದಾವಲ್ಲ? ಹೋಗು.”

ಓಣಿಯ ನಡುವೆಯೇ ಅದನ್ನು ಹಾಸಿಕೊಂಡು ಕೂತಳು.

ನಾನು ಮತ್ತೆ ಹೊಸ್ತಿಲಿಗೆ ಬಂದೆ. ಗೌಡರು ಬಾರುಕೋಲು ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದರು. ಸುಳ್ಳು ಯಾಕೆ ಹೇಳಲಿ, ಕೈ ತಾನಾಗಿಯೇ ತಲೆಯ ಮೇಲಿನ ಚೀಲ ಹುಡುಕಿತು; ಅದು ಅವ್ವನ ಕೆಳಗಿತ್ತು.

“ಪಕ್ಕಕ್ಕ ಸರೀರಿ” ಎಂದು, ಬರಿದಲೆಯಲ್ಲೇ ಒಳಗೆ ಕಾಲಿಟ್ಟೆ.